ಮೊದಲ ಸಾಲಿನ ಹುಡುಗಿ

ಅಯ್ಯಮ್ಮನ ಬಾಯಿಗೆ ಹೆದರದವರು ಸುರಪುರದ ಈಚೆಯ ಕಾಲುವೆ ಬಯಲಿನಲ್ಲಿ ಯಾರೂ ಇರಲಿಲ್ಲ. ಮಳೆಯನ್ನೇ ನಂಬಿದ ಬಳಿಚಕ್ರ ಎಂಬ ಊರಿನಿಂದ ಅವಳು ಇಲ್ಲಿಗೆ ಸೊಸೆಯಾಗಿ ಬಂದಾಗ ಕಾಲುವೆಗೆ ನೀರು ಹೊಸದು. ನೋಡನೋಡುತ್ತ ಜೋಳದ ಹೊಲಗಳೆಲ್ಲ ಬಿತ್ತನೆ ಬೀಜಕ್ಕೆಂದೇ ಬೆಳೆಯುವ ಹತ್ತಿಯ ಹೊಲಗಳಾದವು. ಗಂಡ ತೀರಿಕೊಂಡ ಮೇಲೆ ಪಂಪಣ್ಣ ಸಾವುಕಾರರ ಹೊಲಕ್ಕೆ ಹುಡುಗಿಯರನ್ನು ಕೂಡಿಸಿ ಕರೆದೊಯ್ಯುವ ಕೆಲಸ ಹಿಡಿದಳು.

ಬೀಜದ ಹತ್ತಿಯ ಕೆಲಸ ಬಲು ನಾಜೂಕು. ಮಧ್ಯಾಹ್ನ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸುಲಿದು ಒಳಗಿನ ಗಂಡು ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಹೂ ತಂದು ಅದಕ್ಕೆ ಸವರಬೇಕು. ಇದಕ್ಕೆ ಇನ್ನೂ ದೊಡ್ಡವಳಾಗದ ಹುಡುಗಿಯೇ ಆಗಬೇಕು. ಮುಟ್ಟಾಗುವವಳು ಸಾಲಿಗಿಳಿದರೆ ಕಾಯಿ ಉದುರುತ್ತದೆ ಎಂದು ಪಂಪಣ್ಣನವರೂ ನಂಬಿದ್ದರು, ಅಯ್ಯಮ್ಮನೂ ನಂಬಿದ್ದಳು. ಯಾರಿಗೆ ಕೂಲಿ ಕಡಿಮೆಯೋ, ಯಾರು ಬೆನ್ನು ನೋವೆಂದು ಬಾಯಿ ಬಿಡುವುದಿಲ್ಲವೋ ಅವರೇ ಮಡಿ. ಇದನ್ನು ಹೇಳಿಕೊಟ್ಟ ದೇವರು ಯಾವನೋ, ಅವನಿಗೂ ಒಂದು ಹತ್ತಿ ಹೊಲ ಇದ್ದಿರಬೇಕು.

ಇನ್ನೊಂದು ಕಟ್ಟಳೆಯಿತ್ತು. ಗುಂಪು ಕಟ್ಟಿದವಳ ಮಗಳೇ ಮೊದಲ ಸಾಲಿಗೆ ನಿಲ್ಲಬೇಕು. ಅದನ್ನು ನೋಡಿಯೇ ಉಳಿದ ತಾಯಂದಿರು ತಮ್ಮ ಮಕ್ಕಳನ್ನು ಕಳಿಸುತ್ತಿದ್ದರು. ಹೀಗಾಗಿ ಅಯ್ಯಮ್ಮನ ಹಿರಿಯ ಮಗಳು ತಿಮ್ಮವ್ವ ಐದನೆಯ ತರಗತಿಗೇ ಶಾಲೆ ಬಿಟ್ಟಿದ್ದಳು. ಕಿರಿಯವಳು ಮರಿಲಿಂಗಮ್ಮ ಇನ್ನೂ ಓದುತ್ತಿದ್ದಳು.

ಸಂಜೆ ಹೊಲದಿಂದ ಬಂದ ಹುಡುಗಿಯರೆಲ್ಲ ಪಕ್ಕದ ಮನೆಯ ಜೈತುನಬೀಯ ಟಿವಿ ಮುಂದೆ ಕೂರುತ್ತಿದ್ದರು. ಹಿಂದಿಯಲ್ಲಿ ಮಾತಾಡುವ ಜಪಾನಿ ಕಾರ್ಟೂನು. ನೀಲಿ ಕೊಕ್ಕಿನ ಬಾತುಕೋಳಿಯೊಂದು ಶಾಲೆಯ ಹುಡುಗಿಗೆ ಮಿಂಚುವ ಬಳೆ ಕೊಡುತ್ತದೆ. ಬಳೆ ತೊಟ್ಟು ಗಿರ್ರನೆ ತಿರುಗಿದರೆ ಸಾದಾ ಫ್ರಾಕು ಜರತಾರಿಯಾಗಿ, ಹುಡುಗಿ ಹಾರಿಹೋಗಿ ಊರು ನುಂಗಲು ಬಂದ ಕತ್ತಲೆಯ ರಾಕ್ಷಸನನ್ನು ಹೊಡೆಯುತ್ತಾಳೆ. ಮರಿಲಿಂಗಮ್ಮ ಅಂಗಳದಲ್ಲಿ ತಾನೂ ತಿರುಗುತ್ತಿದ್ದಳು, ತಲೆಸುತ್ತಿ ಬೀಳುವ ತನಕ. ತಿಮ್ಮವ್ವ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ಒಂದು ದಿನ ರೊಟ್ಟಿ ಬಡಿಯುತ್ತ ತಾನು ಕಂಡದ್ದನ್ನು ತಾಯಿಗೆ ಹೇಳಿದಳು. ಆ ಬಳೆ ಸಣ್ಣ ಕೈಗೆ ಮಾತ್ರ ಹಿಡಿಸುತ್ತದಂತೆ. ಕೈ ಬೆಳೆದರೆ ತಾನೇ ಬಿರಿದು ಬೀಳುತ್ತದೆ. ಬಾತು ಅದನ್ನು ಕಚ್ಚಿಕೊಂಡು ಇನ್ನೊಬ್ಬಳನ್ನು ಹುಡುಕುತ್ತದೆ, ಎಷ್ಟೋ ಸಲ ಅವಳ ತಂಗಿಯನ್ನೇ. ಹಳೆಯ ಹುಡುಗಿಯ ಕಥೆ ಅಲ್ಲಿಗೆ ಮುಗಿಯಿತು. ಆದರೆ ಮುಂದೊಂದು ದಿನದ ಕಾರ್ಟೂನಿನಲ್ಲಿ ತಿಮ್ಮವ್ವ ಅವಳನ್ನು ಮತ್ತೆ ಕಂಡಿದ್ದಳು: ಸಂತೆಯ ಗದ್ದಲದ ಒಂದು ಮೂಲೆಯಲ್ಲಿ ಮೀನು ಮಾರುತ್ತ ಕೂತಿದ್ದವಳ ಮಣಿಕಟ್ಟಿನಲ್ಲಿ ಬಳೆಯ ಬಿಳಿ ಗುರುತಿತ್ತು. ಅವಳು ಉಳಿಸಿದ ಊರಿನವರೇ ಅವಳೊಡನೆ ಚೌಕಾಸಿ ಮಾಡುತ್ತಿದ್ದರು.

“ಬಾತು ಒಂದ್ಸಲಾನೂ ತಾ ಜಗಳಕ್ಕ ಇಳದಿಲ್ಲ ನೋಡ್ ಯವ್ವ,” ಎಂದಳು ತಿಮ್ಮವ್ವ. “ದೊಡ್ಡೋರ್ನ ಯಾಕ ಕರಿಯಂಗಿಲ್ಲ ಹೇಳು? ದೊಡ್ಡೋರು ‘ಯಾಕ’ ಅಂತ ಕೇಳ್ತಾರ.”

ಗೊಂಬೆಯಾಟಕ್ಕೆ ಇಷ್ಟು ವಿಚಾರವೇಕೆ, ರೊಟ್ಟಿ ಸೀಯುವುದನ್ನು ನೋಡು ಎಂದು ಅಯ್ಯಮ್ಮ ಗದರಿದಳು.

ಮಾನವಮಿ ಹಬ್ಬ ಹತ್ತಿರವಿದ್ದಾಗ, ಒಂದು ನಡುಹಗಲು, ಕಾಲುವೆಯ ದಂಡೆಯ ಜಾಲಿ ಮರೆಯಲ್ಲಿ ತಿಮ್ಮವ್ವ ಬಟ್ಟೆಯ ತುಂಡೊಂದನ್ನು ತಿಕ್ಕಿ ತಿಕ್ಕಿ ತೊಳೆಯುವುದು ಅಯ್ಯಮ್ಮನ ಕಣ್ಣಿಗೆ ಬಿತ್ತು. ಹೆಣ್ಣಿಗೆ ಹೆಣ್ಣು ಬಿಡಿಸಿ ಹೇಳಬೇಕಾಗಿರಲಿಲ್ಲ. ಎಂದಿನಿಂದ ಎಂದು ಕೇಳಿದಳು. ಹೋದ ವರ್ಷದ ಹಂಗಾಮಿಗೂ ಮೊದಲಿನಿಂದ.

“ನಾ ಬಿಟ್ರ ಮರೀನ ಒಯ್ತಿ ನೀನು,” ಎಂದಳು ಮಗಳು. “ಆಕಿ ಸಾಲಿಗೆ ಹೋಗಿ ನಾಕಕ್ಷರ ಕಲೀಲಿ ಯವ್ವ. ನಾ ಇನ್ನೂ ಸಣ್ಣಾಕಿ ಅಂತ ತಿಳಕೋ.”

ಅಯ್ಯಮ್ಮ ದಂಡೆಯ ಮೇಲೆ ಕೂತಳು. ಹೋದ ವರ್ಷ ತಿಮ್ಮವ್ವನ ಸಾಲಿನಲ್ಲಿ ಕಾಯಿ ಎಷ್ಟು ಹಿಡಿದಿತ್ತೆಂದರೆ ಪಂಪಣ್ಣನವರೇ ಊರವರನ್ನು ಕರೆದು ತೋರಿಸಿದ್ದರು. ಒಂದೂ ಉದುರಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಮನೆಮನೆಗೆ ಹೋಗಿ ತಾನು ಹೇಳಿದ್ದೆಲ್ಲ ಸುಳ್ಳು. ಸವಿಮಾತಾಡಿ ಹುಡುಗಿಯರನ್ನು ಆರಿಸಿದವಳು, ತಾನು ಸಾಲಿಗಿಳಿಯದೆ ಬದುವಿನ ಮೇಲೆ ನಿಂತವಳು. ಆ ಬಾತು ಬೇರೆ ಯಾರೂ ಅಲ್ಲ, ತಾನೇ. ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಯಾರಿಗೂ ಹೇಳುವುದಿಲ್ಲ, ಮರಿಯನ್ನು ಶಾಲೆ ಬಿಡಿಸುವುದೂ ಇಲ್ಲ ಎಂದು ಮಗಳಿಗೆ ಮಾತು ಕೊಟ್ಟಳು.

ಅದೇ ವಾರ ಮೋಡ ಕವಿದು ಜಿಟಿಜಿಟಿ ಹಿಡಿಯಿತು. ಎಳೆಗಾಯಿ ಉದುರತೊಡಗಿದವು. ಬಿಸಿಲಿಲ್ಲದಿದ್ದರೆ ಹತ್ತಿ ಉದುರುವುದು ಕಾಲುವೆ ಬಯಲಿನ ಮಕ್ಕಳಿಗೂ ಗೊತ್ತು, ಪಂಪಣ್ಣನವರಿಗೂ ಗೊತ್ತು. ಆದರೆ ಮೋಡವನ್ನು ನಿಲ್ಲಿಸಿ ಕೇಳಲಾಗುವುದಿಲ್ಲ, ಹುಡುಗಿಯರನ್ನು ನಿಲ್ಲಿಸಿ ಕೇಳಬಹುದು. ಹೊಲದಲ್ಲಿ ಲಕ್ಷ್ಮಿಯೆಂದು ಪೂಜಿಸುವ ಕಲ್ಲುಗಳ ಮುಂದೆ ಪಂಪಣ್ಣನವರು ಎಲ್ಲರನ್ನೂ ನಿಲ್ಲಿಸಿದರು. ಕೂಗಾಡುವ ಮನುಷ್ಯರಲ್ಲ ಅವರು. ಅಯ್ಯಮ್ಮನ ಅಂಗೈಯಲ್ಲಿ ವಿಭೂತಿ ಗಟ್ಟಿ ಇಟ್ಟರು.

“ನಿನ್ನ ಮಾತೊಂದು ಸಾಕವ್ವ. ಎಲ್ಲಾರೂ ಸಣ್ಣೋರೇ ಅದಾರ ಅಂತ ಹೇಳು, ಮುಗೀತು.”

ಒಂದು ‘ಹೌದ್ರಿ’ ಸಾಕಿತ್ತು. ಊರನ್ನೇ ಹೆದರಿಸಿದ ಆ ಬಾಯಿಗೆ ಅದೇನು ದೊಡ್ಡದು? ಆದರೆ ವಿಭೂತಿ ಮುಟ್ಟಿ ಸುಳ್ಳಾಡಿದ ತಾಯಿಯ ಮಕ್ಕಳು ಉಳಿಯುವುದಿಲ್ಲ ಎಂದು ಅವಳು ಹಾಲು ಕುಡಿಯುವಾಗಿನಿಂದ ಕೇಳಿದ್ದಳು. ಒಂದು ನಂಬಿಕೆ ಸುಳ್ಳೆಂದು ಕಣ್ಣಾರೆ ಕಂಡವಳಿಗೆ ಇನ್ನೊಂದನ್ನು ಸುಳ್ಳೆನ್ನುವ ಧೈರ್ಯ ಬರಲಿಲ್ಲ. ಎದುರಿಗೆ ತಿಮ್ಮವ್ವ ಕಣ್ಣೆವೆ ಮಿಟುಕಿಸದೆ ನೋಡುತ್ತಿದ್ದಳು.

“ನನ್ನ ಹಿರೇಮಗಳು ದೊಡ್ಡಾಕಿ ಆಗ್ಯಾಳ್ರಿ,” ಎಂದಳು ಅಯ್ಯಮ್ಮ.

ಪಂಪಣ್ಣನವರು ಸಿಟ್ಟು ಮಾಡಲಿಲ್ಲ. ಶುಭ ಸುದ್ದಿ ಎಂದು ಮನೆಯಿಂದ ತೆಂಗಿನಕಾಯಿ, ಕುಬಸದ ಬಟ್ಟೆ ಕಳಿಸಿಕೊಟ್ಟರು. ಮೊದಲ ಸಾಲು ಖಾಲಿ ಇರಬಾರದು, ನಾಳೆಯಿಂದ ಸಣ್ಣವಳನ್ನು ಕರೆದುಕೊಂಡು ಬಾ ಎಂದೂ ಹೇಳಿ ಕಳಿಸಿದರು. ಸಂಜೆಗೆ ಉಳಿದ ಹುಡುಗಿಯರ ತಾಯಂದಿರು ಬಾಗಿಲಿಗೆ ಬಂದರು. ನಿನ್ನ ಮಗಳು ನಿಲ್ಲದ ಹೊಲಕ್ಕೆ ನಮ್ಮವರೇಕೆ ಎಂದರು. ಆ ಮಾತನ್ನು ಅವರಿಗೆ ಕಲಿಸಿದವಳು ಅಯ್ಯಮ್ಮನೇ.

ಒಳಗೆ ತಿಮ್ಮವ್ವನನ್ನು ಚಾಪೆಯ ಮೇಲೆ ಕೂರಿಸಿ ಹೆಂಗಸರು ಆರತಿ ಹಾಡುತ್ತಿದ್ದರು. ಅರಿಶಿನ ಹಚ್ಚಲು ಬಂದ ತಾಯಿಯ ಕೈಯನ್ನು ಅವಳು ಮೆಲ್ಲಗೆ ಸರಿಸಿದಳು.

“ಒಂದ ಮಾತು ಯವ್ವ. ಒಂದ ಸುಳ್ಳು ಹೇಳಾಕ ಆಗ್ಲಿಲ್ಲ ನಿನಗ,” ಎಂದಳು.

ಮರುದಿನ ಮಧ್ಯಾಹ್ನ ಮರಿಲಿಂಗಮ್ಮ ಕುಣಿಯುತ್ತಲೇ ಹೊಲಕ್ಕೆ ಬಂದಳು. ಅಕ್ಕನ ಸಾಲು ತನಗೆ ಸಿಕ್ಕಿತೆಂಬ ಹೆಮ್ಮೆ ಅವಳಿಗೆ. ಅಯ್ಯಮ್ಮ ಅವಳ ಹೆಬ್ಬೆರಳು ಹಿಡಿದು ಉಗುರು ಎಲ್ಲಿಡಬೇಕೆಂದು ತೋರಿಸಿಕೊಟ್ಟಳು. ಮೊದಲ ಮೊಗ್ಗೇ ಕೆಡದೆ ಸುಲಿದು ಬಂತು. ಹುಡುಗಿ ಖುಷಿಯಿಂದ ಮುಂದಿನ ಗಿಡಕ್ಕೆ ಬಾಗಿದಳು. ಹೆಣ್ಣುಮಗು ಬೇಗ ಬೆಳೆಯದಿರಲಿ ಎಂದು ಬಡವರ ಮನೆಯ ತಾಯಂದಿರೆಲ್ಲ ಬೇಡಿಕೊಳ್ಳುತ್ತಾರೆ. ಅಯ್ಯಮ್ಮ ಆ ಸಾಲಿನ ತಲೆಯಲ್ಲಿ ನಿಂತು, ದೇವರೇ, ಇವಳನ್ನು ಈ ವರ್ಷವೇ ದೊಡ್ಡವಳನ್ನು ಮಾಡಿಬಿಡು ಎಂದು ಬೇಡಿಕೊಂಡಳು.