ಮೇಷ್ಟ್ರು ತಪ್ಪು ಓದಿದ ಕಲ್ಲು

ಮೇಷ್ಟ್ರ ಬಲಗೈ ಉಗುರುಗಳ ಸುತ್ತ ಯಾವಾಗಲೂ ಕಪ್ಪು ಮಸಿ ಇರುತ್ತಿತ್ತು. ಒದ್ದೆ ಕಾಗದವನ್ನು ಶಾಸನದ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುವ ಕೈ ಅದು. ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ಅವರು ಇತಿಹಾಸ ಹೇಳುವಾಗ ನಾವು ಆ ಬೆರಳುಗಳನ್ನೇ ನೋಡುತ್ತಿದ್ದೆವು. ಬೇಸಿಗೆ ರಜೆ ಬಂತೆಂದರೆ ಕುಮಟೆಯ ಬಸ್ಸು ಹತ್ತುತ್ತಿದ್ದರು. ಕರಾವಳಿಯ ವೀರಗಲ್ಲು, ಗಡಿಕಲ್ಲು, ಹಳೆಯ ಬಂದರುಕಟ್ಟೆ ಎಲ್ಲವನ್ನೂ ಮುಟ್ಟಿ ಬರಬೇಕು. “ಮೊದಲು ಕಲ್ಲನ್ನ ಮುಟ್ಟಮ್ಮ, ಓದೋದು ಆಮೇಲೆ” ಅನ್ನುತ್ತಿದ್ದರು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳಾದದ್ದು ಅವರಿಂದಲೇ.

ನಿವೃತ್ತರಾದ ಮೇಲೆ ಶಂಕರಪುರಂನಲ್ಲಿದ್ದರು. ಭಾನುವಾರ ಗಾಂಧಿ ಬಜಾರಿನಲ್ಲಿ ತರಕಾರಿ ಕೊಂಡು, ಅವರ ಮನೆಯಲ್ಲಿ ಕಾಫಿ ಕುಡಿದು ಬರುವುದು ನನ್ನ ರೂಢಿ. ಎರಡು ವರ್ಷದ ಹಿಂದೆ ಅಂಥ ಒಂದು ಭಾನುವಾರ, ಅವರಿಗೆ ಖುಷಿಯಾಗಲಿ ಎಂದು ಫೋನಿನಲ್ಲಿ ಒಂದು ಫೋಟೋ ತೋರಿಸಿದೆ. ಕುಮಟೆ ಕಡೆಯ ಒಂದು ಊರಿನಲ್ಲಿ, ಹೊಳೆ ಸಮುದ್ರ ಸೇರುವ ಜಾಗದಲ್ಲಿರುವ ವೀರಗಲ್ಲು. ದೋಣಿಯಲ್ಲಿ ನಿಂತು ಬಿಲ್ಲೆಳೆದ ಯೋಧ. ಮೇಷ್ಟ್ರಿಗೆ ಹೆಸರು ತಂದ ಕಲ್ಲು ಅದು. ಕಡಲ್ಗಳ್ಳರೊಡನೆ ಹೋರಾಡಿ ಸತ್ತವನು ‘ಒಡೆಯನ ಮಗ’ ಎಂದು ನಲವತ್ತು ವರ್ಷದ ಹಿಂದೆ ಓದಿ ಪುಸ್ತಕದಲ್ಲಿ ಬರೆದಿದ್ದರು. ಊರಿನ ದೊಡ್ಡಮನೆಯವರು ಅವನು ತಮ್ಮ ಪೂರ್ವಜನೆಂದು ಪಕ್ಕದಲ್ಲಿ ಫಲಕ ನಿಲ್ಲಿಸಿದ್ದರು. ಈಚೆಗೆ ಕಲ್ಲಿಗೆ ಮೆತ್ತಿದ್ದ ಎಣ್ಣೆಜಿಡ್ಡನ್ನೆಲ್ಲ ತೊಳೆಸಿದ್ದರಂತೆ. ಆ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಫೋಟೋ ಕಳಿಸಿದ್ದಳು.

ಮೇಷ್ಟ್ರು ಅದನ್ನು ದೊಡ್ಡದು ಮಾಡಿ ನೋಡಿದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಇದು ಮಗ ಅಲ್ಲಮ್ಮ. ಮನೆಯಾಳು. ಒಡೆಯನ ಮನೆಯಾಳು.”

“ಏನ್ ಸಾರ್?”

“ಆಗ ಬರೀ ‘ಮ’ ಕಾಣಿಸ್ತಿತ್ತು, ಮುಂದಕ್ಕೆಲ್ಲ ಜಿಡ್ಡು. ನಾನೇ ‘ಮಗ’ ಅಂತ ತುಂಬಿಸ್ಬಿಟ್ಟೆ. ಊಹೆ ಅಂತ ಒಂದು ಮಾತೂ ಬರೀಲಿಲ್ಲ.”

ಈ ಮನುಷ್ಯ ತಪ್ಪು ಓದಬಹುದು ಎಂಬುದು ಅಲ್ಲಿಯವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಆ ಓದನ್ನು ನಾನೂ ಎಷ್ಟೋ ವರ್ಷ ಪಾಠ ಮಾಡಿದ್ದೆ. “ಒಂದು ತಿದ್ದುಪಡಿ ಬರೆದ್ರಾಯ್ತು ಬಿಡಿ ಸಾರ್” ಎಂದೆ.

“ಬರೀತೀನಿ. ಮೊದಲು ಆ ಊರಿಗೆ ಹೋಗಿ ಹೇಳ್ಬೇಕು. ಟಿಕೆಟ್ ಮಾಡ್ಸು.”

ಮುಂದಿನ ವಾರವೇ ಹೋದೆವು. ಕಲ್ಲಿನ ಸುತ್ತ ಕಬ್ಬಿಣದ ಬೇಲಿ, ಗೇಟಿಗೆ ಬೀಗ. ಬೇಲಿಯ ಹೊರಗೆ ಒಬ್ಬ ಮುದುಕಿ ಬರೀ ನೆಲದ ಮೇಲೆ ಹಣತೆ ಇಡುತ್ತಿದ್ದಳು. ಯಾಕಮ್ಮ ಹೊರಗಿಡುತ್ತೀರಿ ಎಂದು ಮೇಷ್ಟ್ರು ಕೇಳಿದರು.

“ಒಳಗೆ ಬಿಡುದಿಲ್ಲ. ನಮ್ಮ ಅಜ್ಜಿ, ಅವಳ ಅಜ್ಜಿ ಎಲ್ಲಾ ಕಲ್ಲಿನ ಬುಡಕ್ಕೇ ದೀಪ ಇಡ್ತಿದ್ರು, ಸತ್ತವ ನಮ್ಮನೆಯವ ಅಂತೇಳಿ. ನಿಮ್ಮವ ಅಲ್ಲ, ಪುಸ್ತಕದಲ್ಲಿ ಬರ್ದದೆ ಅಂದ್ರು ದೊಡ್ಡಮನೆಯವ್ರು. ಬೀಗ ಹಾಕಿದ್ರು.”

ಅಕ್ಷರ ಮುಚ್ಚಿದ್ದ ಆ ಜಿಡ್ಡು ಇವರ ಮನೆಯ ದೀಪಗಳದ್ದು. ಮೇಷ್ಟ್ರು ಬೇಲಿಯ ಸರಳು ಹಿಡಿದುಕೊಂಡರು.

“ಆ ಪುಸ್ತಕ ಬರೆದೋನು ನಾನೇ ತಾಯಿ. ತಪ್ಪು ಓದಿದೆ. ಸತ್ತೋನು ನಿಮ್ಮನೆಯವನೇ ಅಂತ ಕಲ್ಲು ಹೇಳಲ್ಲ. ಆದ್ರೆ ಅವನು ಒಡೆಯನ ಮಗ ಅಲ್ಲ, ದುಡಿಯೋ ಆಳು.”

ಅವಳು ಅವರ ಮುಖ ನೋಡಿದಳು. “ಇಷ್ಟು ವರ್ಷ ಎಲ್ಲಿದ್ರಿ?” ಎಂದಳು.

ಸುದ್ದಿ ತಿಳಿದು ದೊಡ್ಡಮನೆಯ ಯಜಮಾನರು ಬಂದರು. “ಶಾಲು ಹೊದೆಸಿ ಸನ್ಮಾನ ಮಾಡಿದವ್ರು ನಾವು. ಈಗ ನಮ್ಮ ಮರ್ಯಾದೆ ತೆಗೀಲಿಕ್ಕೆ ಬಂದ್ರಾ?”

“ಹೋಗೋ ಮರ್ಯಾದೆ ನಂದು ಸ್ವಾಮಿ. ನೀವು ಬೀಗ ತೆಗೀರಿ ಸಾಕು.”

ತೆಗೆಯಲಿಲ್ಲ. ಆಗ ಮೇಷ್ಟ್ರು ಬೇಲಿಗೆ ಒರಗಿ ನಿಂತು, ಸೇರಿದ್ದ ಜನಕ್ಕೆಲ್ಲ ಕೇಳುವಂತೆ ಕಲ್ಲಿನ ಸಾಲುಗಳನ್ನು ಗಟ್ಟಿಯಾಗಿ ಓದಿದರು. ಒಂದು ಸಲವಲ್ಲ, ಮೂರು ಸಲ. ಪ್ರತಿ ಸಲವೂ ಕೊನೆಗೆ, “ಮೊದಲು ತಪ್ಪು ಓದಿದೋನು ನಾನೇ” ಎಂದರು. ಎಂಬತ್ತು ದಾಟಿದ ಜೀವ. ಬಿಸಿಲಿಗೆ ಎಲ್ಲಿ ಕುಸಿದುಬಿಡುತ್ತಾರೋ ಎಂದು ನಾನು ಅವರ ತೋಳು ಹಿಡಿದೇ ನಿಂತಿದ್ದೆ.

ತಿದ್ದುಪಡಿ ಅಚ್ಚಾಯಿತು. ಮಳೆಗಾಲದ ಹೊತ್ತಿಗೆ ಊರವರೇ ಹೇಳಿ ಬೀಗ ತೆಗೆಸಿದರು. ಫಲಕ ಮಾತ್ರ ಇನ್ನೂ ಹಾಗೇ ಇದೆ. ಬೀಗ ತೆಗೆದ ಸುದ್ದಿ ಹೇಳಿದಾಗ ಮೇಷ್ಟ್ರು, “ಆಯಮ್ಮ ಒಳಗೆ ಹೋದ್ಳಾ?” ಎಂದಷ್ಟೇ ಕೇಳಿದರು. ಅದಾಗಿ ತಿಂಗಳೊಳಗೆ, ಒಂದು ಬೆಳಗ್ಗೆ ಪೇಪರ್ ಓದುತ್ತ ಕೂತವರು ಕೂತಲ್ಲೇ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆದು ಒಂದು ಟ್ರಂಕು ಕೊಟ್ಟರು. ಅದರ ತುಂಬ ಕರಾವಳಿಯ ಟಿಪ್ಪಣಿ ಪುಸ್ತಕಗಳು. ಮೇಲೊಂದು ಚೀಟಿ: “ಎಲ್ಲವನ್ನೂ ಇನ್ನೊಂದು ಸಲ ಕಲ್ಲಿನ ಜೊತೆ ಹೋಲಿಸಿ ನೋಡು. ನನ್ನ ಮೇಲೆ ಗೌರವ ಇಟ್ಟುಕೊಂಡು ನೋಡಬೇಡ.”

ರಜೆ ಬಂದಾಗಲೆಲ್ಲ ಹೋಗಿ ನೋಡುತ್ತಿದ್ದೇನೆ. ಇಲ್ಲಿಯವರೆಗೆ ಇನ್ನೆರಡು ತಪ್ಪು ಸಿಕ್ಕಿವೆ. ಎರಡನೆಯದನ್ನು ಕಂಡಾಗ ಕಲ್ಲಿನೆದುರು ಹಾಗೇ ಕೂತುಬಿಟ್ಟೆ. ಆ ಪುಟದ ಬರವಣಿಗೆ ಮೇಷ್ಟ್ರದಲ್ಲ, ನನ್ನದು. ಎಂ.ಎ. ಓದುವಾಗ ಅವರ ಜೊತೆ ಹೋಗಿ ನಾನೇ ಓದಿದ ಕಲ್ಲು. “ಖಂಡಿತ ತಾನೇ?” ಎಂದು ಅವರು ಕೇಳಿದ್ದರು. “ಖಂಡಿತ ಸಾರ್” ಎಂದಿದ್ದೆ. ಅವರು ನನ್ನನ್ನು ನಂಬಿದ್ದರು.

ಸೋಮವಾರ ನಾನೇ ತಪ್ಪು ಓದಿದ ಆ ಕಲ್ಲಿನ ಊರಿಗೆ ಹೊರಟಿದ್ದೇನೆ, ಹೇಳುವುದಕ್ಕೆ.