ಬಿಳಿ ಪಟ್ಟಿಗೆ ಹಚ್ಚಿದ ಕುಂಕುಮ

ಗೋರೆಗಾಂವಿನ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನಾನು ಕಲಿಸಿದ ಮಕ್ಕಳಲ್ಲಿ, ಬಣ್ಣದ ವಿಷಯಕ್ಕೆ ಬಂದರೆ ಶಿವಕುಮಾರಿಯಷ್ಟು ಶಿಸ್ತಿನವಳು ಬೇರೊಬ್ಬಳಿರಲಿಲ್ಲ. ಭೂಪಟಕ್ಕೆ ಬಣ್ಣ ತುಂಬಿಸುವ ದಿನ ಒಂದೊಂದು ಬಣ್ಣ ಮುಗಿದಾಗಲೂ ಎದ್ದು ಹೋಗಿ ಲೋಟದ ನೀರನ್ನು ಚೆಲ್ಲಿ ಹೊಸ ನೀರು ತರುತ್ತಿದ್ದಳು. ನಲ್ಲಿಯ ಹತ್ತಿರ ಉಳಿದವರು ಗೊಣಗುತ್ತಿದ್ದರು. ಇಷ್ಟೊಂದು ನೀರು ಯಾಕಮ್ಮಾ ಎಂದು ನಾನು ಒಮ್ಮೆ ಕೇಳಿದುದಕ್ಕೆ, "ಕೆಂಪು ನೀರಾಗ ಕುಂಚ ಅದ್ದಿದ್ರ ಸಮುದ್ರ ಕೆಡತದ್ರೀ ಸರ್" ಎಂದಿದ್ದಳು. ಆ ಮಾತು ಈಗಲೂ ನೆನಪಾಗುತ್ತದೆ. ಈಗ ನೆನಪಾದರೆ ಮೊದಲಿನಂತೆ ನಗು ಬರುವುದಿಲ್ಲ.

ಅವಳ ತಾಯಿ ಸೋಮವ್ವ ಅಫಜಲಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತು ಮಗಳನ್ನು ಓದಿಸಿದಳು. ಜೋಗೇಶ್ವರಿಯ ಚಾಳಿನ ಒಂದು ಖೋಲಿಯಲ್ಲಿ ತಾಯಿ ಮಗಳು ಇಬ್ಬರೇ. ಶಿವಕುಮಾರಿ ಲ್ಯಾಬಿನ ಕೋರ್ಸು ಮುಗಿಸಿ ಅಲ್ಲಿಯ ಒಂದು ಧರ್ಮಾರ್ಥ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ, ಸೋಮವ್ವ ನನ್ನ ಮನೆಗೆ ಪೇಡೆಯ ಪೊಟ್ಟಣ ತಂದಿದ್ದಳು.

ಕೆಮ್ಮುವವರ ಕಫವನ್ನು ಗಾಜಿನ ಮೇಲೆ ಸವರಿ, ಕ್ಷಯದ ಕ್ರಿಮಿ ಇದೆಯೇ ಎಂದು ನೋಡುವುದು ಅವಳ ಕೆಲಸ. ಮೊದಲು ಕೆಂಪು ಬಣ್ಣ ಹಾಕುತ್ತಾರೆ, ಆಮೇಲೆ ಆಮ್ಲದಿಂದ ತೊಳೆಯುತ್ತಾರೆ, ಕೊನೆಗೆ ನೀಲಿ ಹಾಕುತ್ತಾರೆ. ಮಿಕ್ಕದ್ದೆಲ್ಲ ಕೆಂಪನ್ನು ಬಿಟ್ಟುಕೊಟ್ಟು ನೀಲಿಯಾಗುತ್ತದೆ. ಕ್ಷಯದ ಕ್ರಿಮಿ ಮಾತ್ರ ಬಿಟ್ಟುಕೊಡುವುದಿಲ್ಲ. ನೀಲಿಯ ನಡುವೆ ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು ಕಂಡರೆ ರೋಗ, ಕಾಣದಿದ್ದರೆ ಇಲ್ಲ.

ದವಾಖಾನೆಯ ಹಳೆಯ ದೊಡ್ಡ ಮೈಕ್ರೋಸ್ಕೋಪ್ ಕೆಟ್ಟು ಕಪಾಟಿನ ಮೇಲೇರಿದಾಗ, ಯಾರೋ ದಾನಿಗಳು ಅಂಗೈಯಗಲದ ಒಂದು ಅಗ್ಗದ ಮೈಕ್ರೋಸ್ಕೋಪ್ ಕೊಡಿಸಿದರು. ಕಪ್ಪು ಪ್ಲಾಸ್ಟಿಕ್ಕಿನದು. ಅದನ್ನು ಮೊಬೈಲಿಗೆ ಸಿಕ್ಕಿಸಿ ಫೋಟೋ ತೆಗೆದು ಕಳಿಸಿದರೆ, ವಿಲೆ ಪಾರ್ಲೆಯಲ್ಲಿ ಕುಳಿತ ಡಾಕ್ಟರ್ ಪ್ರಶಾಂತ ಫೋಟೋ ನೋಡಿ ಉತ್ತರ ಹೇಳುತ್ತಿದ್ದರು. ಆದರೆ ಮೊಬೈಲು ತನಗೆ ತೋಚಿದಂತೆ ಬಣ್ಣ ತಿದ್ದುತ್ತದೆ. ಅದಕ್ಕಾಗಿ ಯಂತ್ರದ ಜೊತೆಯಲ್ಲಿ ಹಾಲುಬಿಳುಪಿನ ಒಂದು ಪ್ಲಾಸ್ಟಿಕ್ ಪಟ್ಟಿ ಬಂದಿತ್ತು. ದಿನಾ ಬೆಳಿಗ್ಗೆ ಆ ಪಟ್ಟಿಯನ್ನು ಇಟ್ಟು ಮೊದಲ ಫೋಟೋ ತೆಗೆಯಬೇಕು. ಮೊಬೈಲು ಅದನ್ನೇ ಬಿಳಿಯೆಂದು ಒಪ್ಪಿಕೊಂಡು, ದಿನದ ಉಳಿದ ಫೋಟೋಗಳ ಬಣ್ಣಗಳನ್ನು ಅದಕ್ಕೆ ಸರಿಯಾಗಿ ಹೊಂದಿಸುತ್ತದೆ. ಒಂದು ಭಾನುವಾರ ಆ ಪಟ್ಟಿಯನ್ನು ನನ್ನ ಅಂಗೈ ಮೇಲಿಟ್ಟು ಇದನ್ನೆಲ್ಲ ವಿವರಿಸಿದವಳು ಅವಳೇ. "ಇದು ಬಿಳಿ ಅಂತ ನಾವು ಒಂದು ಸಲ ಖರೇ ಹೇಳಿದ್ರ, ಆಮೇಲೆ ಅದು ಸುಳ್ಳು ಹೇಳೂದಿಲ್ರೀ ಸರ್."

ಖಂಡೇನವಮಿಯ ದಿನ ದವಾಖಾನೆಯಲ್ಲಿಯೂ ಪೂಜೆ. ಕತ್ತರಿ, ಸ್ಟೆಥೊಸ್ಕೋಪು, ತೂಕದ ಯಂತ್ರ, ಎಲ್ಲವನ್ನೂ ತೊಳೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಸೋಮವ್ವ ಗಂಡ ಸತ್ತ ಮೇಲೆ ತಾನು ಮುಟ್ಟದೆ ಇಟ್ಟಿದ್ದ ಕುಂಕುಮದ ಭರಣಿಯನ್ನು, ಯಂತ್ರಕ್ಕೆ ಹಚ್ಚೆಂದು ಮಗಳ ಕೈಗೆ ಕೊಟ್ಟು ಕಳಿಸಿದ್ದಳು. ಶಿವಕುಮಾರಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು, ಎಲ್ಲಿ ಹಚ್ಚುವುದೆಂದು ಯೋಚಿಸುತ್ತ ನಿಂತಳು. ಅಲ್ಲಿಯ ಆಯಾ ಸೇವಂತಿ ನಗೆಯಾಡಿದಳು.

"ಯಾಕಬೇ, ಹಣಿ ಎಲ್ಲೈತಿ ಅಂತ ಹುಡಕಾಕತ್ತೀಯೇನು?"

ಲೆನ್ಸಿಗೆ ಹಚ್ಚಬಾರದೆಂಬುದು ಶಿವಕುಮಾರಿಗೆ ಗೊತ್ತು. ಕಪ್ಪು ಮೈಗೆ ಹಚ್ಚಿದರೆ ಕಾಣುವುದಿಲ್ಲ. ಆದುದರಿಂದ ಬಿಳಿ ಪಟ್ಟಿಯನ್ನು ತೆಗೆದು, ಅದರ ನಡುವೆ ದುಂಡಗೆ ಬೊಟ್ಟಿಟ್ಟು, ಯಂತ್ರಕ್ಕೆ ಆನಿಸಿ ನಿಲ್ಲಿಸಿದಳು. ಬಹಳ ಚೆನ್ನಾಗಿ ಕಂಡಿತಂತೆ. ದಸರೆಯ ಮರುದಿನ ಸಾಬೂನು ಹಾಕಿ ತಿಕ್ಕಿ ತೊಳೆದಳು. ಪಟ್ಟಿ ಬೆಳ್ಳಗಾಯಿತು, ಅಥವಾ ಅವಳ ಕಣ್ಣಿಗೆ ಬೆಳ್ಳಗೆ ಕಂಡಿತು. ಎಂದಿನಂತೆ ಮೊದಲ ಫೋಟೋ ತೆಗೆದು ಕೆಲಸಕ್ಕೆ ಕುಳಿತಳು.

ದೀಪಾವಳಿಯ ಹೊತ್ತಿಗೆ ಸೋಮವ್ವನ ಕೆಮ್ಮು ನಿಲ್ಲದಾಯಿತು. ಸಿಮೆಂಟಿನ ಧೂಳೆಂದು ಅವಳು ತಳ್ಳಿಹಾಕಿದರೂ ಮಗಳು ಬಿಡಲಿಲ್ಲ. ಕಫ ತರಿಸಿ, ತಾನೇ ಬಣ್ಣ ಹಾಕಿ, ತಾನೇ ಫೋಟೋ ತೆಗೆದು ಕಳಿಸಿದಳು. ಡಾಕ್ಟರರಿಗೆ ಫೋಟೋದಲ್ಲಿ ಗುಲಾಬಿ ಕಾಣಲಿಲ್ಲ. ಅವಳಿಗೂ ಕಾಣಲಿಲ್ಲ. ಅಂದು ಸಂಜೆ ತಾಯಿಯ ಪಕ್ಕದಲ್ಲಿ ಕುಳಿತು, ಏನೂ ಇಲ್ಲ ಎಂದು ತನ್ನ ಬಾಯಿಂದಲೇ ಹೇಳಿದಳು. ಡಾಕ್ಟರರು ಔಷಧ ಕೊಟ್ಟು, ಕೆಮ್ಮು ಕಡಿಮೆಯಾಗದಿದ್ದರೆ ಎಕ್ಸ್‌ರೇ ತೆಗೆಸಿರೆಂದರು.

ಕೆಮ್ಮು ಕಡಿಮೆಯಾಗಲಿಲ್ಲ. ಎಕ್ಸ್‌ರೇ ತೆಗೆಸಲು ಸೋಮವ್ವ ಒಪ್ಪಲಿಲ್ಲ. ನಾನೂ ಹೋಗಿ ಹೇಳಿ ನೋಡಿದೆನು. ಅವಳು ಬುಟ್ಟಿ ಇಳಿಸಿ, ಬೆವರು ಒರೆಸಿಕೊಂಡು ನಕ್ಕಳು.

"ನನ್ನ ಮಗಳ ಮಷೀನ ನೋಡೇದ್ರೀ ಮಾಸ್ತರ. ಅದಕ್ಕ ಕಾಣಲಾರದ್ದು ಇನ್ನೊಂದು ಮಷೀನಿಗೆ ಏನು ಕಾಣತದ?"

ಪಕ್ಕದಲ್ಲಿ ನಿಂತಿದ್ದ ಮಗಳ ಮುಖ ಅರಳಿತು. ತಾಯಿಯನ್ನು ಒತ್ತಾಯಿಸಬೇಕಾದವಳು ಆಗ ಸುಮ್ಮನಾದಳು. ತನ್ನ ಕೆಲಸದ ಮೇಲೆ ಅವಳಿಗಿದ್ದ ನಂಬಿಕೆಯನ್ನು ತಪ್ಪೆನ್ನಲು ಆಗ ನಮ್ಮಲ್ಲಿ ಯಾರಿಗೂ ಕಾರಣವಿರಲಿಲ್ಲ.

ಸಂಕ್ರಾಂತಿಯ ಮುಂಚೆ ಸೋಮವ್ವ ಕಟ್ಟಡದ ಮೆಟ್ಟಿಲ ಮೇಲೆ ರಕ್ತ ಕಾರಿದಳು. ದೊಡ್ಡಾಸ್ಪತ್ರೆಯಲ್ಲಿ ನೋಡಿ, ಕ್ಷಯ ಬಂದು ಬಹಳ ದಿನಗಳಾಗಿವೆ, ಎಡಗಡೆಯ ಶ್ವಾಸಕೋಶ ಉಳಿಯಲಾರದು ಎಂದರು. ಸುದ್ದಿ ತಿಳಿದ ಡಾಕ್ಟರ್ ಪ್ರಶಾಂತ, ದೀಪಾವಳಿಯಲ್ಲಿ ಮಾಡಿದ ಗಾಜು ಇದ್ದರೆ ಯಂತ್ರದ ಜೊತೆಗೆ ತೆಗೆದುಕೊಂಡು ಬಾ ಎಂದು ಶಿವಕುಮಾರಿಯನ್ನು ಪಾರ್ಲೆಗೆ ಕರೆಸಿದರು. ದವಾಖಾನೆಯಲ್ಲಿ ಹಳೆಯ ಗಾಜುಗಳನ್ನು ಪೆಟ್ಟಿಗೆಯಲ್ಲಿ ಇಡುವ ಪದ್ಧತಿ ಇತ್ತು. ಅವರು ತಮ್ಮ ದೊಡ್ಡ ಮೈಕ್ರೋಸ್ಕೋಪಿನಲ್ಲಿ ಅದನ್ನು ನೋಡಿದರು. ಎದ್ದು ಅವಳಿಗೆ ಜಾಗ ಬಿಟ್ಟರು. ಅವಳು ಕಣ್ಣಿಟ್ಟಳು. ನೀಲಿಯ ತುಂಬ ಗುಲಾಬಿ ಕಡ್ಡಿಗಳು. ಅದೇ ಗಾಜಿನ ಫೋಟೋದಲ್ಲಿ ಅವೇ ಕಡ್ಡಿಗಳು ಬೂದಿಬಣ್ಣಕ್ಕೆ ತಿರುಗಿ ನೀಲಿಯಲ್ಲಿ ಮುಳುಗಿಹೋಗಿದ್ದವು.

ಡಾಕ್ಟರರು ಬಿಳಿ ಪಟ್ಟಿಯನ್ನು ಕೇಳಿ ಪಡೆದು, ಮೇಜಿನ ಮೇಲಿದ್ದ ಒಂದು ಹೊಸ ಕಾಗದದ ಮೇಲಿಟ್ಟರು. ಒಂಟಿಯಾಗಿದ್ದಾಗ ಬೆಳ್ಳಗಿದ್ದ ಪಟ್ಟಿ, ಕಾಗದದ ಪಕ್ಕದಲ್ಲಿ ತಿಳಿಗುಲಾಬಿಯಾಗಿತ್ತು. ಮೊಬೈಲು ದಿನಾ ಬೆಳಿಗ್ಗೆ ಆ ಗುಲಾಬಿಯನ್ನೇ ಬಿಳಿಯೆಂದು ತಿಳಿದು, ಎಲ್ಲ ಫೋಟೋಗಳಿಂದಲೂ ಅಷ್ಟು ಕೆಂಪನ್ನು ಕಳೆಯುತ್ತಿತ್ತು. ಪಟ್ಟಿಗೆ ಇದೇನಾಯಿತೆಂದು ಅವರು ಕೇಳಿದಾಗ ಅವಳು ತಡವರಿಸಲಿಲ್ಲ.

"ಕುಂಕುಮ ಹಚ್ಚಿದ್ದೆ" ಎಂದಳು.

ದಸರೆಯಿಂದೀಚೆಗೆ ಪರೀಕ್ಷೆಯಾದವರನ್ನೆಲ್ಲ ಮತ್ತೆ ಕರೆಸಿದರು. ಕೆಲವರಲ್ಲಿ ರೋಗ ಸಿಕ್ಕಿತು. ಒಬ್ಬ ಮಗ್ಗದ ಕೆಲಸಗಾರ ಖೋಲಿ ಖಾಲಿ ಮಾಡಿ ಹೋಗಿದ್ದನು. ಅವನ ಮೊಬೈಲು ಇಂದಿಗೂ ಬಂದ್. ದವಾಖಾನೆಯ ಟ್ರಸ್ಟಿನವರು ಯಂತ್ರದ ದೋಷವೆಂದು ಹೇಳಿ ಮುಗಿಸಲು ನೋಡಿದರು. ಶಿವಕುಮಾರಿ ತನ್ನದೇ ತಪ್ಪೆಂದು ಎಲ್ಲರೆದುರಿಗೆ ಹೇಳಿದುದರಿಂದ ಅವರಿಗೆ ಅದು ಸಾಧ್ಯವಾಗಲಿಲ್ಲ. ಕೆಲಸದಿಂದ ತೆಗೆಯಲಿಲ್ಲ, ರೋಗಿಗಳ ಹೆಸರು ಕೇಳಿ ಕೇಸ್‌ಪೇಪರ್ ಬರೆಯುವ ಕಿಟಕಿಯಲ್ಲಿ ಕೂರಿಸಿದರು. ಲ್ಯಾಬಿನ ಬಾಗಿಲಿಗೆ, ಯಂತ್ರಗಳಿಗೆ ಕುಂಕುಮ ಹಚ್ಚಬಾರದೆಂಬ ಫಲಕ ಬಂದಿತು. ಅದು ಯಾರ ದೆಸೆಯಿಂದ ಬಂದಿತೆಂದು ಬರುವ ರೋಗಿಗಳಿಗೂ ಗೊತ್ತು.

ಗೊತ್ತಿಲ್ಲದವಳು ಸೋಮವ್ವ ಒಬ್ಬಳೇ. ಅವಳಿಗೆ ಹೇಳುವ ಧೈರ್ಯ ಮಗಳಿಗೆ ಬರಲಿಲ್ಲ. ಮಗಳು ಈಗಲೂ ಆ ಯಂತ್ರದ ಮುಂದೆಯೇ ಕೂರುತ್ತಾಳೆಂದು ಆಕೆ ನಂಬಿದ್ದಾಳೆ.

ಈ ವರ್ಷದ ಖಂಡೇನವಮಿಯ ಸಂಜೆ ನಾನು ಅವರ ಮನೆಗೆಂದು ಹೊರಟವನು ಜೋಗೇಶ್ವರಿ ಸ್ಟೇಶನ್ನಿನಲ್ಲಿ ಶಿವಕುಮಾರಿಯನ್ನು ಕಂಡು ಜೊತೆಯಲ್ಲಿ ನಡೆದೆನು. ಚಾಳಿನ ತಿರುವಿನಲ್ಲಿ ಅವಳು ನಿಂತಳು. ಬ್ಯಾಗಿನಿಂದ ತಾಯಿಯ ಅದೇ ಕುಂಕುಮದ ಭರಣಿಯನ್ನು ತೆಗೆದು, ಉಂಗುರ ಬೆರಳನ್ನು ಅದರೊಳಗೆ ಒತ್ತಿ, ಮುಚ್ಚಳ ಹಾಕಿದಳು. ನನ್ನ ಕಡೆ ನೋಡಲಿಲ್ಲ.

ಒಳಗೆ ಸೋಮವ್ವ ದಿಂಬಿಗೆ ಒರಗಿದ್ದಳು. ಎರಡು ಮಾತಿಗೊಮ್ಮೆ ಉಸಿರು ಹಿಡಿಯಬೇಕು. ನನಗೆ ಚಹಾ ಮಾಡೆಂದು ಮಗಳಿಗೆ ಹೇಳುವ ಮುಂಚೆಯೇ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿ ಬೆರಳು ನೋಡಿದಳು.

"ಹೋದ ಸಲ ಮಷೀನಿಗೆ ಹಗೂರಕ ಹಚ್ಚಿದ್ದಿ ಕಾಣತದ" ಎಂದಳು. "ಅದಕ್ಕ ಸಿಟ್ಟಾಗಿ ನನ್ನ ಬ್ಯಾನಿ ಮುಚ್ಚಿಟ್ಟಿತು. ಈ ಸಲ ಛಲೋತ್ನಾಗಿ ಹಚ್ಚೀ?"

"ಛಲೋ ಹಚ್ಚೀನಬೇ."

ಸೋಮವ್ವ ಸಮಾಧಾನದಿಂದ ಕಣ್ಣು ಮುಚ್ಚಿದಳು. ಶಿವಕುಮಾರಿ ಚಹಾಕ್ಕೆ ನೀರಿಟ್ಟು, ಖೋಲಿಯ ಮೂಲೆಯಲ್ಲಿದ್ದ ಮೋರಿಯ ಹತ್ತಿರ ಹೋಗಿ, ನಲ್ಲಿ ಬಿಟ್ಟು, ಆ ಬೆರಳನ್ನು ತೊಳೆಯತೊಡಗಿದಳು. ಚಹಾದ ನೀರು ಕುದಿದು ಉಕ್ಕಿದರೂ ತೊಳೆಯುತ್ತಲೇ ಇದ್ದಳು.