ಸೊಟ್ಟ ಕಂಬಿಯ ಭೂಮಿ

ಬಿಸಿ ಅರಗಿನ ವಾಸನೆ ಎಲ್ಲಿ ಬಂದರೂ ನಾನು ನಿಂತುಬಿಡುತ್ತೇನೆ. ಮೊನ್ನೆ ಅಂಚೆ ಕಚೇರಿಯಲ್ಲಿ ಯಾರದೋ ಪಾರ್ಸೆಲ್ಲಿಗೆ ಅರಗು ಕರಗಿಸಿ ಮೊಹರು ಒತ್ತುತ್ತಿದ್ದರು. ನನ್ನ ಸರದಿ ಬಂದದ್ದೂ ತಿಳಿಯದೆ ಮೂಗರಳಿಸಿ ನಿಂತಿದ್ದೆ. ಹಿಂದಿದ್ದವರು "ಸ್ವಲ್ಪ ಸರೀರಿ" ಎಂದಾಗ, ಇದು ನನ್ನ ಜಾಗ ಹೊಡೆಯುವ ಉಪಾಯವೇ ಇರಬೇಕೆಂದು ಒಂದು ಹೆಜ್ಜೆಯೂ ಕದಲಲಿಲ್ಲ. ಏನು ಮಾಡಲಿ, ಅನುಮಾನ ನಮ್ಮ ಮನೆತನದ ಆಸ್ತಿ. ಮಂಡಿ ಮೊಹಲ್ಲಾದ ನಮ್ಮ ಮನೆ ಹೋಯಿತು, ಅದರಲ್ಲಿದ್ದವರು ಹೋದರು, ನನ್ನ ಪಾಲಿಗೆ ಉಳಿದದ್ದು ಅದೊಂದೇ.

ಹೆತ್ತವರಿಲ್ಲದ ನನ್ನನ್ನು ಸಾಕಿದವರು ತಾತ ಮತ್ತು ಅಜ್ಜಿ. ತಾತ ಮರ ಕಡೆಯುವವನು. ತೊಟ್ಟಿಲ ಗುಂಡು, ಲಟ್ಟಣಿಗೆ, ಬುಗುರಿ ಎಲ್ಲವೂ ಅವನ ಉಳಿಯಡಿ ದುಂಡಗಾಗುತ್ತಿದ್ದವು. ಮುಂಬಾಗಿಲ ಪಕ್ಕ ನೆಲದಲ್ಲಿ ಹೂತ ಎರಡು ಗೂಟಗಳ ನಡುವೆ ಮರದ ತುಂಡು ಸಿಕ್ಕಿಸಿ ಅವನು ಉಳಿ ಹಿಡಿದು ಕೂತರೆ, ಎದುರಿಗೆ ಅಜ್ಜಿ ಆ ತುಂಡಿಗೆ ಸುತ್ತಿದ ಹಗ್ಗದ ಎರಡು ತುದಿಗಳನ್ನು ಒಂದಾದ ಮೇಲೊಂದು ಎಳೆಯುತ್ತಿದ್ದಳು. ತುಂಡು ತಿರುಗುತ್ತಿತ್ತು, ಹೊಟ್ಟು ಹಾರುತ್ತಿತ್ತು, ಕೊನೆಗೆ ಅರಗಿನ ಕಡ್ಡಿ ಒತ್ತಿದಾಗ ಬಣ್ಣ ಕರಗಿ ಆ ವಾಸನೆ ಬೀದಿಯವರೆಗೂ ಹರಡುತ್ತಿತ್ತು. ತಾತ ಯಾರನ್ನೂ ನಂಬಿದವನಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತ ದಿನವೂ ಒಂದು ಹನಿ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದ. ಮಾರುಕಟ್ಟೆಯ ಗಡಿಯಾರ ಹನ್ನೆರಡು ಹೊಡೆದರೆ ಹಿತ್ತಲಿಗೆ ಹೋಗಿ ನೆರಳು ನೋಡಿ ಬರುತ್ತಿದ್ದ. ಹುಡುಗಿಯರ ಓದಿನ ಮೇಲಂತೂ ಅವನಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅಜ್ಜಿಯ ಬಲದೋಳು ಸೋತಿತ್ತು. ನಾನು ಏಳನೇ ಕ್ಲಾಸು ಮುಗಿಸಿದ ಮೇಲೆ ಹಗ್ಗ ನನ್ನ ಕೈಗೆ ಎಂದು ತೀರ್ಮಾನವಾಗಿತ್ತು. ನನಗೋ ಹೈಸ್ಕೂಲಿಗೆ ಹೋಗುವ ಆಸೆ. ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಆ ವರ್ಷ ನಮ್ಮ ಭೂಗೋಳದ ಟೀಚರಮ್ಮ ತರಗತಿಗೊಂದು ಮರದ ಭೂಮಿ ಬೇಕೆಂದು ಚಿತ್ರ ಬರೆದು ತಾತನಿಗೆ ಕಳಿಸಿದರು. ದುಂಡನೆಯ ಗೋಳ, ನಡುವೆ ಕಬ್ಬಿಣದ ಕಂಬಿ, ಕಂಬಿ ಒಂದು ಕಡೆಗೆ ವಾಲಿರಬೇಕು. ತಾತ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಬೇಕಂತಲೇ ಸೊಟ್ಟ ಮಾಡ್ಸಿ, ಆಮೇಲೆ ನಿಮ್ಮ ಕೆಲಸ ಸೊಟ್ಟ ಅಂತ ವಾಪಸ್ ಕಳಿಸೋ ಹುನ್ನಾರ ಇದು" ಎಂದ. ವಾಲಿದ ಕಂಬಿಯ ಸಾಮಾನು ಅವನ ಕೈಯಿಂದ ಎಂದೂ ಹೊರಗೆ ಹೋಗಿರಲಿಲ್ಲ. ಹೀಗಾಗಿ ಭೂಮಿಯನ್ನೇ ನೆಟ್ಟಗೆ ನಿಲ್ಲಿಸಿಬಿಟ್ಟ. ನಾನದನ್ನು ಎದೆಗವಚಿಕೊಂಡು ಶಾಲೆಗೆ ಒಯ್ದೆ. ಟೀಚರಮ್ಮ ನಕ್ಕರು. ಇದೇ ನೆಪದಲ್ಲಿ ಮನೆಗೆ ಬಂದು ಹೈಸ್ಕೂಲಿನ ಮಾತೂ ಎತ್ತಿ ಎಂದು ಬೇಡಿಕೊಂಡೆ, ನಾನು ಅವರ ಕಾಲು ಹಿಡಿಯುವುದೊಂದು ಬಾಕಿ.

ಭಾನುವಾರ ಬೆಳಿಗ್ಗೆ ಅವರು ಗೋಳ ಹಿಡಿದು ಬಂದರು. "ಯಜಮಾನ್ರೇ, ಭೂಮಿ ವಾಲಿಕೊಂಡೇ ತಿರುಗೋದು. ಅದ್ರಿಂದ್ಲೇ ಬೇಸಿಗೆ, ಚಳಿ ಎಲ್ಲಾ." ತಾತ ಕೈ ಅಡ್ಡ ಆಡಿಸಿದ. "ವಾಲಿದ್ದು ಅದುರುತ್ತೆ ಅಮ್ಮಾವ್ರೇ. ಅದುರೋ ಮಾಲು ನಾನ್ ಕೊಡಲ್ಲ." ಟೀಚರಮ್ಮ ಅವನ ಬುಟ್ಟಿಯಿಂದಲೇ ಒಂದು ಬುಗುರಿ ಎತ್ತಿ, ಸೆರಗು ಸಿಕ್ಕಿಸಿಕೊಂಡು, ಹುಡುಗರ ಹಾಗೆ ಚಾಟಿ ಸುತ್ತಿ ಬೀಸಿ ಬಿಟ್ಟರು. ಅದು ವಾಲಿಕೊಂಡೇ ಗಿರಗಿರನೆ ತಿರುಗುತ್ತ, ನಿಧಾನವಾಗಿ ತಲೆಯನ್ನೂ ಸುತ್ತ ಆಡಿಸತೊಡಗಿತು. "ಭೂಮಿನೂ ಹಿಂಗೇ ತಲೆ ಆಡಿಸುತ್ತೆ. ಒಂದು ಸುತ್ತಿಗೆ ಇಪ್ಪತ್ತಾರು ಸಾವಿರ ವರ್ಷ." ತಾತನ ಮುಖ ಅರಳಿತು. "ಅದುರುತ್ತೆ ಅಂತ ನಾನ್ ಅಂದೆನೋ ಇಲ್ವೋ!" ಜಗತ್ತಿನ ಹುಳುಕು ಹಿಡಿದವನ ಹಾಗೆ ಅವನು ನಮ್ಮತ್ತ ನೋಡಿದ. ಆದರೆ ಅಜ್ಜಿಯ ಅನುಮಾನ ಬೇರೆಯೇ ಇತ್ತು.

"ಅದ್ಕೆ ಹಗ್ಗ ಎಳೆಯೋರು ಯಾರು ತಾಯಿ?"

"ಯಾರೂ ಇಲ್ಲ ಅಜ್ಜಿ. ಹುಟ್ಟುವಾಗ್ಲೇ ತಿರುಗ್ತಿತ್ತು. ತಡೆಯೋಕೆ ಅಲ್ಲೇನೂ ಇಲ್ಲ, ಅದ್ಕೇ ತಿರುಗ್ತಾನೇ ಇದೆ. ಸೂರ್ಯ, ನಕ್ಷತ್ರ ಎಲ್ಲಾ ಹಂಗೇ."

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಮದ್ವೆಯಾದಾಗಿಂದ ಎಳೀತಿವ್ನಿ ಕಣವ್ವ. ಎಳೆಯೋರಿಲ್ದೆ ತಿರುಗಿದ್ದನ್ನ ನಾನ್ ಕಂಡಿಲ್ಲ."

ಟೀಚರಮ್ಮ ಆಗ ಹೈಸ್ಕೂಲಿನ ಮಾತು ತೆಗೆದರು. ತಾತ ಗೂಟದತ್ತ ಬೆರಳು ತೋರಿಸಿ, "ಇವಳು ಓದಕ್ಕೋದ್ರೆ ಅಲ್ಲಿ ಕೂರೋರ್ಯಾರು? ಅವಳ ತೋಳು ಬಿದ್ದೋಗಿದೆ" ಎಂದ. ಅಜ್ಜಿ ತಟ್ಟನೆ ಬಲಗೈಯನ್ನು ನೆತ್ತಿಯ ಮೇಲಕ್ಕೆತ್ತಿ ತೋರಿಸಿದಳು. "ಯಾರಿಗ್ ಬಿದ್ದೋಗಿದೆ? ಕಲ್ಲುಗುಂಡಿನಂಗೈತೆ. ಮಗು ಹೋಗ್ಲಿ ಬುಡು." ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೇಳಿಕೊಟ್ಟ ಮನೆ ಅದು. ಅವಳ ಕೆಳತುಟಿ ಹಲ್ಲಿನಡಿ ಸಿಕ್ಕಿದ್ದನ್ನು ನಾನು ಕಂಡೆ. ಹಾಲನ್ನೂ ಗಡಿಯಾರವನ್ನೂ ನಂಬದ ತಾತ ಅವಳ ಮಾತನ್ನು ನಂಬಿದ, ಅಥವಾ ನಂಬಿದಂತೆ ಸುಮ್ಮನಾದ. ಅನುಮಾನ ಪಡಲೇಬೇಕಿದ್ದ ಆ ಒಂದು ಗಳಿಗೆಯಲ್ಲಿ ನಾನೂ ಬಾಯಿ ಮುಚ್ಚಿಕೊಂಡೆ. ನನಗೆ ಶಾಲೆ ಬೇಕಾಗಿತ್ತು.

ಈಗ ನಮ್ಮ ಮನೆಯಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಸಾಮಾನಿನ ಸಗಟು ಅಂಗಡಿಯಿದೆ. ಗೂಟ ಹೂತಿದ್ದ ನೆಲದ ಮೇಲೆ ಬಕೆಟ್ಟುಗಳನ್ನು ಒಂದರೊಳಗೊಂದು ಜೋಡಿಸಿಟ್ಟಿದ್ದಾರೆ. ನಿಮ್ಮ ಮನೆಯೂ ಹೀಗೆ ಯಾವುದೋ ಅಂಗಡಿಯ ಕೆಳಗೆ ಹೂತುಹೋಗಿದ್ದರೆ ಗೊತ್ತಿರುತ್ತದೆ, ಆ ಬೀದಿಗೆ ಹೋಗುವುದೂ ಕಷ್ಟ, ಹೋಗದಿರುವುದೂ ಕಷ್ಟ. ನನಗೆ ಅಲ್ಲಿ ನೆನಪಾಗುವುದು ಹೈಸ್ಕೂಲು ಸೇರಿದ ಮೊದಲ ತಿಂಗಳ ಒಂದು ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಬೇಗ ಬಂದಿದ್ದೆ. ಅಡುಗೆಮನೆಯ ಬಾಗಿಲ ಹಿಂದೆ, ಗೋಡೆಗೆ ಮುಖ ಮಾಡಿ ಅಜ್ಜಿ ಊಟಕ್ಕೆ ಕೂತಿದ್ದಳು. ಎಡಗೈಯಲ್ಲಿ ತುತ್ತು ಮುಟ್ಟಿದರೆ ನನಗೆ ಬರೆ ಹಾಕುತ್ತೇನೆ ಎನ್ನುತ್ತಿದ್ದವಳು, ಎಡಗೈಯಲ್ಲಿ ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು. ಬೆಳಗಿನಿಂದ ಹಗ್ಗ ಎಳೆದ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನನ್ನು ಕಂಡವಳೇ ತಟ್ಟೆಗೆ ಸೆರಗು ಮರೆಮಾಡಿದಳು.

"ಏನ್ ನೋಡ್ತಾ ನಿಂತಿದ್ದೀ? ಹೋಗು, ಓದ್ಕೋ."

ನಾನು ಹೋಗಿ ಓದಿಕೊಂಡೆ.